ಹನ್ನೊಂದು ಸುತ್ತಿನ ದಾರ

ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕಣ್ಣಿನ ಡಾಕ್ಟರ ಹೆಂಡತಿ ಬಂದರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲೊಂದು ಬಟ್ಟೆಚೀಲ, ಅದರಲ್ಲಿ ಎರಡು ತುಂಡು ಹಗ್ಗ. ಹಿಂದೆಯೇ ಏದುಸಿರು ಬಿಡುತ್ತ ಡಾಕ್ಟರು.

"ಇದು ಆಕಸ್ಮಿಕ ಮೇಡಂ. ಇವಳು ಕಡ್ಡೀನ ಗುಡ್ಡ ಮಾಡ್ತಿದಾಳೆ."

"ಇಪ್ಪತ್ತು ವರ್ಷದಿಂದ ಬಟ್ಟೆ ಹೊಲೀತಿದೀನಿ," ಎಂದರು ಹೆಂಡತಿ. "ಹರಿದಿದ್ದು ಯಾವುದು, ಕತ್ತರಿಸಿದ್ದು ಯಾವುದು ನಂಗೊತ್ತು. ಇವರು ಊರೋರ ಕಣ್ಣೆಲ್ಲ ನೋಡ್ತಾರೆ, ಇದೊಂದು ಕಾಣ್ಲಿಲ್ಲ."

ಇನ್ಸ್‌ಪೆಕ್ಟರ್ ಹಗ್ಗವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂರು ಎಳೆಗಳಲ್ಲಿ ಎರಡು ನುಣ್ಣಗೆ ತುಂಡಾಗಿದ್ದವು; ಮೂರನೆಯದು ಮಾತ್ರ ಜಗ್ಗಿ ನಾರುನಾರಾಗಿತ್ತು. ಒಂಬತ್ತು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಸಂಗತಿ ಇಷ್ಟು. ಶನಿವಾರ, ಭಾನುವಾರ ಎರಡು ದಿನ ಡಾಕ್ಟರು ತಮ್ಮ ಹಾಯಿದೋಣಿಯಲ್ಲಿ ಸ್ನೇಹಿತರಿಗೆ ಆತಿಥ್ಯ ಮಾಡಿದ್ದರು. ಒಬ್ಬ ವಕೀಲ, ಅವನ ಹೆಂಡತಿ, ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು, ಹೊಸದಾಗಿ ಪರಿಚಯವಾದ ಒಬ್ಬ ಇಂಜಿನಿಯರ್. ಭಾನುವಾರ ಹನ್ನೊಂದು ಇಪ್ಪತ್ತಕ್ಕೆ ಚುಕ್ಕಾಣಿ ಇಂಜಿನಿಯರ್ ಕೈಯಲ್ಲಿತ್ತು. ದೋಣಿ ತಿರುಗುವಾಗ ಹಾಯಿಯ ಅಡ್ಡಮರವನ್ನು ಹಿಡಿದಿಟ್ಟ ಹಗ್ಗ ಪಟ್ಟನೆ ಹರಿದು, ಆ ಮರ ಬೀಸಿ ಬಂದು ಅವನ ಹೆಗಲಿಗೆ ಬಡಿಯಿತು. ಅವನು ನೀರಿಗೆ ಬಿದ್ದ. ಮೊದಲು ಹಾರಿ ಎಳೆದು ತಂದವರು ಮೇಷ್ಟ್ರು. ಈಗ ಅವನು ಆಸ್ಪತ್ರೆಯಲ್ಲಿದ್ದ. ಹೆಗಲ ಮೂಳೆ ಎರಡು ಕಡೆ ಮುರಿದಿತ್ತು, ಜ್ಞಾನ ಆಗಾಗ ತಪ್ಪುತ್ತಿತ್ತು.

ಹನ್ನೊಂದಕ್ಕೆ ಇಬ್ಬರು ಪಂಚರ ಎದುರು ದೋಣಿಯ ಪಂಚನಾಮೆ ಶುರುವಾಯಿತು. ಗುಂಡು ದಫೇದಾರ ಹಲಗೆಯ ಮೇಲೆ ಕಾಲಿಟ್ಟವನೇ ಕಂಬ ತಬ್ಬಿಕೊಂಡ.

"ಮೇಡಂ, ನೆಲ ಅಂದ್ರೆ ನಿಂತಲ್ಲಿ ನಿಂತಿರ್ಬೇಕು."

"ಬಾಯಿ ಮುಚ್ಕೊಂಡು ಬರ್ಕೋ."

ಹರಿದ ಹಗ್ಗದ ತುದಿಯ ಕುಣಿಕೆ ಬಿಚ್ಚದಂತೆ ಅದರ ಕುತ್ತಿಗೆಗೆ ಮೇಣದ ದಾರ ಸುತ್ತಿತ್ತು. ಕೊಯ್ದದ್ದು ಆ ಸುತ್ತಿನ ಒಳಗೆ. ಅಂದರೆ ಯಾರೋ ಹಳೆಯ ದಾರ ಬಿಚ್ಚಿ, ಎಳೆ ಕೊಯ್ದು, ಮತ್ತೆ ಸುತ್ತಿ ಮುಚ್ಚಿದ್ದರು. ಇನ್ಸ್‌ಪೆಕ್ಟರ್ ಸುತ್ತುಗಳನ್ನು ಎಣಿಸಿದಳು. ಹನ್ನೊಂದು. ದೋಣಿಯ ಉಳಿದ ಹದಿನಾಲ್ಕು ಹಗ್ಗಗಳನ್ನೂ ನೋಡಿದಳು. ಎಲ್ಲದರಲ್ಲೂ ಹನ್ನೊಂದೇ ಸುತ್ತು, ತುದಿಯನ್ನು ಒಳಗೆ ಅಡಗಿಸಿದ ರೀತಿಯೂ ಒಂದೇ. ಅಲ್ಲೆಲ್ಲ ದಾರ ಹಳದಿ ತಿರುಗಿತ್ತು, ಇಲ್ಲಿ ಮಾತ್ರ ಬಿಳಿ. ದಾರ ಹೊಸದು, ಕೈ ಹಳೆಯದು.

"ಇವನ್ನೆಲ್ಲ ಕಟ್ಟಿದ್ದು ಯಾರು ಡಾಕ್ಟ್ರೇ?"

"ನಾನೇ. ಈ ದೋಣೀನ ಏಳು ವರ್ಷ ಕೈಯಾರೆ ಕಟ್ಟಿದೀನಿ."

ಇನ್ಸ್‌ಪೆಕ್ಟರ್ ಒಂದು ಹಗ್ಗ, ಒಂದು ಮಾರು ದಾರ ಅವರ ಮುಂದಿಟ್ಟಳು. "ಒಂದು ಸುತ್ತಿ ತೋರಿಸಿ."

ಡಾಕ್ಟರು ಸುತ್ತಿದರು. ದಾರ ಜಾರಿತು. ಮತ್ತೆ ಸುತ್ತಿದರು. ಮೂರನೇ ಸಲಕ್ಕೆ ಅವರ ಕಿವಿ ಕೆಂಪಾಯಿತು. ದಫೇದಾರ ಸಮುದ್ರದ ಕಡೆ ಮುಖ ತಿರುಗಿಸಿ ನಿಂತ.

"ಅವರ ಕೈಲಿ ಒಂದು ಗುಂಡಿ ಹಾಕೋಕೂ ಬರಲ್ಲ," ಎಂದರು ಹೆಂಡತಿ ಮೆಲ್ಲಗೆ. "ದೋಣಿ ಕೆಲಸವೆಲ್ಲ ಮೇಷ್ಟ್ರದು. ಇವರು ಹಲಗೆ ಹಿಡ್ಕೊಳ್ತಿದ್ರು."

"ಭಾನುವಾರ ಬೆಳಿಗ್ಗೆ ದೋಣೀಲಿ ಒಬ್ಬರೇ ಇದ್ದವರು ಯಾರು?"

"ಏಳು ಗಂಟೆಗೆ ನಾವೆಲ್ಲ ಈಜೋಕೆ ಇಳಿದ್ವಿ. ಮೇಷ್ಟ್ರು ನೆಗಡಿ ಅಂತ..." ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮಂಗಳವಾರ ಮಧ್ಯಾಹ್ನ ಎರಡೂವರೆ. ಶಾಲೆಯ ಮರಗೆಲಸದ ಕೋಣೆಯಲ್ಲಿ ಮೇಷ್ಟ್ರು ಒಬ್ಬರೇ ಉಳಿಗೆ ಸಾಣೆ ಹಿಡಿಯುತ್ತಿದ್ದರು. ಪೊಲೀಸರನ್ನು ಕಂಡು ಉಳಿ ಒರೆಸಿ ಅದರ ಜಾಗದಲ್ಲಿಟ್ಟರು. ಮೇಣದ ದಾರದ ಉಂಡೆಯನ್ನೂ ಬಾಗು ಚಾಕುವನ್ನೂ ಕೇಳುವ ಮೊದಲೇ ತಾವೇ ತೆಗೆದುಕೊಟ್ಟರು.

"ಯಾಕೆ ಮೇಷ್ಟ್ರೇ?"

"ನಮ್ಮ ಡಾಕ್ಟ್ರು ಇದಾನಲ್ಲ, ಶನಿವಾರ ಸಂಜೆ ಅವನು ಆ ಇಂಜಿನಿಯರ್‌ಗೆ ದೋಣಿ ಕತೆ ಹೇಳ್ತಾ ಕೂತ. ಮರ ಎಲ್ಲಿ ಸಿಕ್ತು, ಹೇಗೆ ಬಗ್ಗಿಸಿದ್ದು, ಎಲ್ಲ. ಬರೀ ನಾನು, ನಾನು, ನಾನು. ನಾನು ಎದುರಿಗೇ ಕೂತಿದೀನಿ. ಆಮೇಲೆ 'ನಾಳೇನೂ ನೀವೇ ನಡೆಸಿ' ಅಂತ ಚುಕ್ಕಾಣಿ ಆ ಇಂಜಿನಿಯರ್ ಕೈಗೆ ಕೊಟ್ಟು ನನ್ನ ಕಡೆ ತಿರುಗಿ, 'ಹೋಗಿ ಎಲ್ಲರಿಗೂ ಟೀ ಮಾಡ್ಕೊಂಡ್ ಬಾರಪ್ಪ' ಅಂದ. ಏಳು ವರ್ಷದಲ್ಲಿ ನಂಗೆ ಒಂದ್ಸಲ ಆ ಚುಕ್ಕಾಣಿ ಕೊಟ್ಟಿಲ್ಲ."

"ಟೀ ಮಾಡಿದ್ರಾ?"

"ಮಾಡ್ದೆ. ಆರು ಲೋಟ."

"ಹಗ್ಗ ಹರಿದ್ರೆ ಮರ ಬೀಸಿ ಬರುತ್ತೆ ಅಂತ ಗೊತ್ತಿರ್ಲಿಲ್ವಾ?"

ಮೇಷ್ಟ್ರು ಇಲ್ಲ ಎಂದುಬಿಡಬಹುದಿತ್ತು. ಎಂದುಬಿಡಲಿ ಎಂದು ಇನ್ಸ್‌ಪೆಕ್ಟರ್‌ಗೂ ಒಂದು ಕ್ಷಣ ಅನ್ನಿಸಿತು. ಹೋದ ತಿಂಗಳು ತಾನು ಹಿಡಿದ ಕಳ್ಳನ ಪಕ್ಕ ಬೇರೊಬ್ಬ ಅಧಿಕಾರಿಯ ಫೋಟೋ ಪತ್ರಿಕೆಯಲ್ಲಿ ಬಂದಾಗ ಅವಳಿಗೂ ಎರಡು ದಿನ ಊಟ ಸೇರಿರಲಿಲ್ಲ.

"ಗೊತ್ತಿತ್ತು ಮೇಡಂ. ನಂಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ? ಆ ಇಂಜಿನಿಯರ್ ಬೀಳಲಿ ಅಂತಲೇ ಕೊಯ್ದೆ. ಬಿದ್ದ. ಬಿದ್ದವನ ಕಣ್ಣು ನೋಡಿದೆ, ನನ್ನ ಹೊಟ್ಟೇಲಿದ್ದ ಬೆಂಕಿ ತಟ್ಟನೆ ಆರಿಹೋಯ್ತು. ಆಮೇಲೆ ಹಾರಿದ್ದು ನೆನಪಿಲ್ಲ."

ಮೂರು ಹದಿನೈದಕ್ಕೆ ಬಂಧನ.

ಬುಧವಾರ ಬೆಳಿಗ್ಗೆ ಡಾಕ್ಟರು ಮತ್ತೆ ಬಂದರು. ಇಂಜಿನಿಯರ್ ಚೇತರಿಸಿಕೊಳ್ಳುತ್ತಿದ್ದಾನೆ, ದೂರು ವಾಪಸ್ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಆಗುವುದಿಲ್ಲ, ನೀವು ಕೊಟ್ಟ ಹೇಳಿಕೆಯನ್ನು ಮಾತ್ರ ಸರಿಪಡಿಸಬಹುದು ಎಂದಳು ಇನ್ಸ್‌ಪೆಕ್ಟರ್. ಡಾಕ್ಟರು ಪೆನ್ನು ಹಿಡಿದು ಕಾಲು ಗಂಟೆ ಕೂತರು. ಕೊನೆಗೆ ಒಂದೇ ಸಾಲು ಬರೆದು, ಯಾರ ಮುಖವನ್ನೂ ನೋಡದೆ ಎದ್ದು ಹೋದರು.

ನ್ಯಾಯಾಲಯಕ್ಕೆ ಹೊರಡುವ ಮುನ್ನ ಇನ್ಸ್‌ಪೆಕ್ಟರ್ ಆ ಸಾಲನ್ನು ಲಾಕಪ್ಪಿನ ಕಂಬಿಯ ಈಚೆ ನಿಂತು ಓದಿದಳು: "ಈ ದೋಣಿಯನ್ನು ಕಟ್ಟಿದ್ದು ನನ್ನ ಸ್ನೇಹಿತ, ನಾನು ಜೊತೆಗಿದ್ದೆ."

ಮೇಷ್ಟ್ರು ಇನ್ನೊಮ್ಮೆ ಓದಲು ಹೇಳಿದರು. ಅವಳು ಓದಿದಳು.

"ಇದನ್ನೇ ಶನಿವಾರ ಅಂದಿದ್ರೆ ಸಾಕಿತ್ತು ಮೇಡಂ," ಎಂದು ಅವರು ಕೈಗಳನ್ನು ಮುಂದೆ ಚಾಚಿದರು.