ಮಂತ್ರವಾದಿಯ ಪುಕ್ಕಟೆ ಒಲೆ

ಏಳು ಸಮುದ್ರಗಳ ಆಚೆ, ಎಂಟನೆಯದು ಇನ್ನೂ ತುಂಬಿರದ ಕಾಲದಲ್ಲಿ, ಕೆಂಡಾವತಿ ಎಂಬ ರಾಜ್ಯವಿತ್ತು. ಅಲ್ಲಿಗೆ ಘಟಕೇತು ಎಂಬ ಮಂತ್ರವಾದಿ ಬಂದು ಮನೆಮನೆಗೂ ಒಂದು ಮಾಯಾಒಲೆಯನ್ನು ಪುಕ್ಕಟೆ ಹಂಚಿದ. ರಾಜ ಎರಡು ಇಸಕೊಂಡ.

ಸೌದೆ ಬೇಡ, ಊದುಕೊಳವೆ ಬೇಡ, ಉರಿ ತಾನೇ ಏಳುತ್ತಿತ್ತು. ಏಳುವ ಮುನ್ನ ಒಲೆ ಮುನ್ನೂರು ಷರತ್ತುಗಳನ್ನು ಗಡಗಡ ಓದುತ್ತಿತ್ತು. ಹಸಿದವರು ಕೇಳಿಸಿಕೊಳ್ಳುತ್ತಾರೆಯೇ? "ಒಪ್ಪಿದೆ" ಎಂದುಬಿಡುತ್ತಿದ್ದರು. ಒಂದೊಂದು ಒಪ್ಪಿಗೆಗೂ ಮಂತ್ರವಾದಿ ಎಳ್ಳುಕಾಳಿನಷ್ಟು ಬೆಳೆಯುತ್ತಿದ್ದ. ವರ್ಷದೊಳಗೆ ತಾಳೆಮರವನ್ನು ಮೀರಿದ.

ಆ ಸೀಮೆಯವರಿಗೆ ಬೆಂಕಿ ಹೊತ್ತಿಸಲು ಬರುತ್ತಿರಲಿಲ್ಲ. ಪಕ್ಕದ ಮನೆಯಿಂದ ಕೆಂಡ ತರುವುದೇ ತಲೆತಲಾಂತರದ ರೂಢಿ. ಬೇಕಾದಾಗ ಪಕ್ಕದವರಲ್ಲಿ ಸಿಗುತ್ತದೆಂದು ಎಲ್ಲರೂ ಒಂದೇ ವಾರ ಹಳೇ ಒಲೆ ಆರಿಸಿದ್ದರು. ಆಮೇಲೆ ನೋಡಿದರೆ ಯಾವ ಪಕ್ಕದವರಲ್ಲೂ ಇಲ್ಲ.

ಆಗ ಮಂತ್ರವಾದಿ ಕಟ್ಟಳೆ ತಂದ. ತನ್ನ ಮುದ್ರೆಯಿಲ್ಲದ ಗಡಿಗೆ ಇಟ್ಟರೆ ಒಲೆ ಉಗುಳುತ್ತದೆ. ಮೂರು ಸಲ ಮುದ್ರೆ ಸಿಗದ ಕುಂಬಾರರು ಮುಚ್ಚಳವಾಗುತ್ತಾರೆ. ಹಾಗೆ ಎಪ್ಪತ್ತು ಜನ ಮುಚ್ಚಳವಾದರು. ದ್ಯಾಮಕ್ಕ ಎಂಬುವಳ ಗಂಡ ಚನ್ನಬೀರನೂ ಆದ. ಸಾರು ಕುದಿಯುವಾಗ ತಟತಟ ಅಲುಗುವುದಷ್ಟೇ ಅವನಿಗೆ ಉಳಿದ ಮಾತು.

ಮುದ್ರೆ ಗಿಟ್ಟಿಸಿ ಹೇಗಾದರೂ ಗಂಡನನ್ನು ಬಿಡಿಸಬೇಕೆಂದು ದ್ಯಾಮಕ್ಕ ಗಡಿಗೆ ತಿರುಗಿಸುವ ಅವನ ತಿಗರಿಗೆ ಕೈಹಾಕಿದಳು. ಸಾರು ಉಕ್ಕದ ಗಡಿಗೆ ಮಾಡಿ ಮಂತ್ರವಾದಿಯ ಮನೆಗೆ ಒಯ್ದಳು. ಬಾಗಿಲು ಕಾಯುವ ಬೆಂಕಿಯುಸಿರಿನ ಕರಡಿ ಹಸಿಮಣ್ಣನ್ನು ಒಂದೇ ಉಸಿರಿಗೆ ಸುಟ್ಟು ಒಳಗೆ ಬಿಟ್ಟಿತು. ಕೊರಳು ಕಿರಿದಾಯಿತೆಂದು ಮಂತ್ರವಾದಿ ತಳ್ಳಿಹಾಕಿದ. ಮರುವಾರ ಅದೇ ಗಡಿಗೆ ಅವನ ಹೆಸರಲ್ಲಿ ಅವನ ಅಂಗಡಿಯಲ್ಲಿತ್ತು.

ಎರಡನೇ ಸಲ ಕೊರಳು ಅಗಲಿಸಿ, ತಳ ಹಿಡಿಯದ ಗಡಿಗೆ ಒಯ್ದಳು. ಕರಡಿ ಸುಟ್ಟಿತು. ಅಗಲ ಕೊರಳು ನಿನ್ನೆಯಿಂದ ನಿಷಿದ್ಧವೆಂದು ಮಂತ್ರವಾದಿ ಹೇಳಿದ. ಅದೂ ಅವನ ಅಂಗಡಿ ಸೇರಿತು.

ಮೂರನೇ ಸಲ ಮೈತುಂಬ ತೂತಿರುವ ಅಗ್ಗಿಷ್ಟಿಕೆ ಒಯ್ದಳು. ಕರಡಿ ನಗುತ್ತಾ ಸುಟ್ಟಿತು.

"ಏನಮ್ಮಾ, ಇಲಿ ಕಡಿದಿದ್ಯಾ?" ಎಂದ ಮಂತ್ರವಾದಿ.

"ಕೆಂಡ ಹಾಕಿ ಚಳಿ ಕಾಯಿಸ್ಕೊಳ್ಳೋಕೆ, ಸ್ವಾಮಿ."

"ಸಾರು ನಿಲ್ಲುತ್ತಾ ಇದ್ರಲ್ಲಿ?"

"ಒಂದು ತೊಟ್ಟೂ ನಿಲ್ಲಲ್ಲ."

ಕದಿಯಲು ಏನೂ ಇಲ್ಲವೆಂದು ಅವನಿಗೆ ಬೇಸರವಾಯಿತು. ಆದರೆ ಯಾರಿಗೂ ಮುದ್ರೆ ಸಿಗುತ್ತಿಲ್ಲವೆಂಬ ದೂರು ರಾಜನವರೆಗೂ ಹೋಗಿತ್ತು. ಒಬ್ಬರಿಗಾದರೂ ಕೊಟ್ಟಂತಾಯಿತೆಂದು ಟಪ್ಪನೆ ಒತ್ತಿದ.

ಮಾಯಾಒಲೆಯ ಕೆಂಡ ಬೇರೆ ಮಣ್ಣಿಗೆ ಬಿದ್ದರೆ ಆರುತ್ತಿತ್ತು. ದ್ಯಾಮಕ್ಕ ತನ್ನ ಮನೆಯ ಮಾಯಾಒಲೆಯಿಂದ ತೋಡಿ ಹಾಕಿದ ಕೆಂಡ ಮುದ್ರೆಯ ಅಗ್ಗಿಷ್ಟಿಕೆಯಲ್ಲಿ ಆರಲಿಲ್ಲ. ಅದನ್ನೆತ್ತಿಕೊಂಡು ಅಂಗಳಕ್ಕೆ ಹೊಸಿಲು ದಾಟಿದ್ದೇ ಮಂತ್ರದ ಹಂಗು ಕಳಚಿ ಮಾಮೂಲಿ ಕೆಂಡವಾಯಿತು. ದ್ಯಾಮಕ್ಕ ಅದರ ಮೇಲೆ ಮುದ್ರೆಯಿಲ್ಲದ ಗಡಿಗೆಯಿಟ್ಟು ಹುರುಳಿಸಾರಿಗೆ ಎಸರಿಟ್ಟಳು, ಮುಚ್ಚಳವಾಗಿದ್ದ ಗಂಡನನ್ನೇ ಅದಕ್ಕೆ ಮುಚ್ಚಿದಳು. ವಾಸನೆ ಹಿಡಿದು ಪಕ್ಕದ ಮನೆಯವಳು ಬಂದು ಕೆಂಡ ಒಯ್ದಳು. ಅವಳಿಂದ ಅದರಾಚೆಯವಳು. ಹೊತ್ತು ನೆತ್ತಿಗೇರುವಷ್ಟರಲ್ಲಿ ಊರೆಲ್ಲ ಹಳೇ ಒಲೆ ಉರಿಯಿತು.

ಮಾಯಾಒಲೆಗಳು ಷರತ್ತು ಓದಿ ಓದಿ ದಣಿದವು. ಒಪ್ಪುವವರಿಲ್ಲದೆ ಮಂತ್ರವಾದಿ ಕುಗ್ಗುತ್ತಾ ಕುಗ್ಗುತ್ತಾ ಎಳ್ಳುಕಾಳಾದ. ಒಂದು ಗುಬ್ಬಿ ಅವನನ್ನು ನುಂಗಿ, ರುಚಿಯಿಲ್ಲವೆಂದು ಪರದೇಶಕ್ಕೆ ಹಾರಿಹೋಯಿತು.

ಮಂತ್ರ ಮುರಿದದ್ದೇ ಚನ್ನಬೀರ ಗಡಿಗೆಯ ಮೇಲಿಂದ ಧೊಪ್ಪನೆ ಬಿದ್ದು ಎದ್ದ.

"ಸಾರಿಗೆ ಉಪ್ಪು ಕಮ್ಮಿ ಕಣೇ."

"ಕೂತ್ಕೊಳ್ಳಿ, ಬಡಿಸ್ತೀನಿ," ಎಂದು ದ್ಯಾಮಕ್ಕ ಕಣ್ಣೊರೆಸಿಕೊಂಡಳು.

ಎಪ್ಪತ್ತು ಮನೆಗಳಲ್ಲೂ ಹಾಗೇ ಆಯಿತು. ಎಲ್ಲರೂ ಉಂಡು ಸುಖವಾಗಿ ಬಾಳಿದರು. ಗಡಿಗೆಗಳಿಗೆ ಮಾತ್ರ ಬಹಳ ದಿನ ಮುಚ್ಚಳವಿರಲಿಲ್ಲ.