ಮುಳ್ಳಿಲ್ಲದ ತಟ್ಟೆ

ಪಾಂಡುವಿಗೆ ಮತ್ತೆ ಜ್ವರ. ಕಡಲ ಬದಿಯ ಕೋಡಿ ಊರಿನ ಆ ಮನೆಯಲ್ಲಿ ಜ್ವರ ಬಂತೆಂದರೆ ಕಳ್ಳ ಹೊಕ್ಕ ಹಾಗೆಯೇ. ಅವನ ಹೊಟ್ಟೆಯಲ್ಲಿ ಇದ್ದದ್ದು ಅಕ್ಕ ಸುಗುಣ ಕೊಟ್ಟ ಕಿಡ್ನಿ!

ಕಿಡ್ನಿ ಡಾಕ್ಟರು ರಕ್ತ, ಮೂತ್ರ, ಎದೆ ಎಲ್ಲ ಜಾಲಾಡಿದ್ದರು. ಸೋಂಕು ಎಲ್ಲಿಂದಲೋ ನುಗ್ಗುತ್ತಿದೆ, ದಾರಿ ಸಿಗದಿದ್ದರೆ ಕಿಡ್ನಿ ಉಳಿಯುವುದು ಕಷ್ಟ ಎಂದುಬಿಟ್ಟರು. ಸುಗುಣಳ ಜೀವವೇ ಬಾಯಿಗೆ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮೇಲೂ ಹೀಗಾಯಿತೆಂದರೆ ಮನೆಯವರೇ ಯಾರೋ ಎಡವಟ್ಟು ಮಾಡಿದ್ದಾರೆ. ಅವಳ ಅನುಮಾನ ತಮ್ಮನ ಹೆಂಡತಿ ಹರಿಣಾಕ್ಷಿಯ ಮೇಲೆ — ನೀರು ಸರಿಯಾಗಿ ಕುದಿಸುತ್ತಾಳೋ ಇಲ್ಲವೋ? ಆಮೇಲೆ ಬಚ್ಚನ ಮೇಲೆ. ಪಾಂಡುವಿನ ಹಳೆಯ ದೋಣಿಯ ಜೊತೆಗಾರ ಅವನು, ಕದ್ದು ಎಲೆ ಅಡಿಕೆ ಕೊಡುತ್ತಾನೋ ಏನೋ?

ಪತ್ತೆಗೆ ಅವಳು ಕರೆಸಿದ್ದು ಕುಂದಾಪುರದ ಹಲ್ಲಿನ ಡಾಕ್ಟರು ಉಮಾನಾಥರನ್ನು. ಹಿಂದೊಮ್ಮೆ ಕಚ್ಚಿ ಬಿಸಾಡಿದ ಪೇರಳೆ ಹಣ್ಣಿನಲ್ಲಿ ಹಲ್ಲಿನ ಗುರುತು ನೋಡಿ ತೋಟದ ಕಳ್ಳನನ್ನು ಹಿಡಿದವರು ಅವರು. ಅಂದಿನಿಂದ ಊರಿಗೆಲ್ಲ ಪತ್ತೇದಾರರು.

ಭಾನುವಾರ ಮಧ್ಯಾಹ್ನ ಅವರು ಅಂಗಳಕ್ಕೆ ಬಂದಾಗ ಸುಗುಣ ಜಗಲಿಯಿಂದಲೇ ಕೂಗಿದಳು. "ಹ್ವಾಯ್, ಯಾರದ್?"

"ನಾನೇ, ಉಮಾನಾಥ." ದನಿ ಕೇಳಿದ ಮೇಲೆಯೇ ಅವಳು ಚಾಪೆ ಹಾಸಿದ್ದು.

ವಿಚಾರಣೆ ಶುರುವಾಯಿತು. ಹರಿಣಾಕ್ಷಿ ನೀರು ಕುದಿಸಿದ ಪಾತ್ರೆ ತೋರಿಸಿ ಕಣ್ಣೊರೆಸಿಕೊಂಡಳು. ಮಾತ್ರೆ ಒಂದು ಹೊತ್ತೂ ತಪ್ಪಿಲ್ಲ. ಆಪರೇಷನ್ ಆದ ಮೇಲೆ ಪಾಂಡು ಎಲೆ ಅಡಿಕೆ ಮುಟ್ಟಿಲ್ಲವೆಂದು ಬಚ್ಚ ದೇವರಾಣೆ ಮಾಡಿದ. ಪಾಂಡು ಮಾತ್ರ ಎಲ್ಲದಕ್ಕೂ ಹೆಗಲಿಗೆ ಹಾಕಿದ ಬೈರಾಸದ ಚುಂಗನ್ನು ಬಾಯಿಗೆ ಹಿಡಿದು ನಗುತ್ತಿದ್ದ. ಹಿಂದೆ ದೋಣಿಯಲ್ಲಿ ನಕ್ಕರೆ ದಡಕ್ಕೆ ಕೇಳುತ್ತಿತ್ತು ಅವನ ನಗು!

ಊಟಕ್ಕೆ ಮೈತುಂಬ ಸಣ್ಣ ಮುಳ್ಳಿನ ಬೈಗೆ ಮೀನಿನ ಸಾರು. ಸುಗುಣ ತಮ್ಮನ ಪಕ್ಕದಲ್ಲೇ ಕುಳಿತಳು. ಉಮಾನಾಥರು ಪ್ರಶ್ನೆ ನಿಲ್ಲಿಸಿ ತಟ್ಟೆಗಳನ್ನು ನೋಡತೊಡಗಿದರು. ಕೈ ತೊಳೆದವರೇ ಟಾರ್ಚ್ ಕೇಳಿ, ಪಾಂಡುವಿನ ಬಾಯಿ ತೆರೆಸಿದರು. ಒಂದೊಂದೇ ಹಲ್ಲಿನ ಬುಡ ನೋಡಿದರು.

"ಕಳ್ಳ ಸಿಕ್ದ, ಸುಗುಣಕ್ಕ. ಹರಿಣಾಕ್ಷಿಯೂ ಅಲ್ಲ, ಬಚ್ಚನೂ ಅಲ್ಲ."

"ಮತ್ತ್ ಯಾರ್?"

ಉಮಾನಾಥರು ಸಾವಕಾಶವಾಗಿ ಬಿಡಿಸಿ ಹೇಳಿದರು. ಬೇರೆಯವರ ಕಿಡ್ನಿಯನ್ನು ಮೈ ಒಪ್ಪಲೆಂದು ಕೊಡುವ ಮಾತ್ರೆ ಕೆಲವರಿಗೆ ವಸಡನ್ನು ಬೆಳೆಸುತ್ತದೆ. ಪಾಂಡುವಿನ ಅರ್ಧ ಹಲ್ಲು ವಸಡಿನೊಳಗೆ ಹುಗಿದುಹೋಗಿದೆ. ಬೈರಾಸ ಮುಚ್ಚುತ್ತಿದ್ದದ್ದು ಅದನ್ನೇ. ಕಿಡ್ನಿಗೂ ಹಲ್ಲಿಗೂ ಎಂತ ಸಂಬಂಧ ಎಂದುಕೊಂಡು ಅವನು ಯಾರಿಗೂ ಹೇಳಲಿಲ್ಲ. ಆ ಮಾತ್ರೆಗಳು ಮೈಯ ಕಾವಲನ್ನೂ ಮಲಗಿಸುತ್ತವೆ, ಹಾಗಾಗಿ ಒಳಗೆ ಕೀವಾದರೂ ನೋವು, ಬಾವು ಜೋರಾಗಲಿಲ್ಲ. ನಮ್ಮ ಕಡೆಯವರು ಮುಳ್ಳು ಆರಿಸುವುದು ನಾಲಿಗೆಯಲ್ಲಿ. ಈ ವಸಡು ಇಟ್ಟುಕೊಂಡು ಅವನಿಗೆ ಅದಾಗುವುದಿಲ್ಲ. ಆದರೂ ಮೀನು ತಿಂದ ಅವನ ತಟ್ಟೆಯಲ್ಲಿ ಒಂದೂ ಮುಳ್ಳಿಲ್ಲ, ಪಕ್ಕದ ಸುಗುಣಳ ತಟ್ಟೆಯಲ್ಲಿ ಇಬ್ಬರ ಮುಳ್ಳಿನ ರಾಶಿ. ದಿನವೂ ಮುಳ್ಳು ಬಿಡಿಸಿ ಅವನ ಬಾಯಿಗೆ ತುತ್ತು ಇಡುವವಳು ಅವಳೇ.

"ವಸಡಿನ ಎಡೆಯಂಗೆ ಒಂದ್ ಮುಳ್ಳ್ ಹೊಕ್ಕಿ ಕೂತಿತ್ತ್," ಎಂದು ಉಮಾನಾಥರು ದನಿ ತಗ್ಗಿಸಿದರು. "ಅಂಗಳದಗ್ ನಿಂತ ನಾನೇ ನಿಮ್ಗ್ ಕಾಣ್ಲಿಲ್ಲೆ, ಸುಗುಣಕ್ಕ. ಬೈಗೆ ಮುಳ್ಳ್ ಕಾಣತ್ತಾ?"

ಸುಗುಣ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಅಮ್ಮ ಮೀನಿನ ಬುಟ್ಟಿ ಹೊತ್ತು ಬಸ್ರೂರಿಗೆ ಹೋದ ದಿನಗಳಲ್ಲಿ ಈ ಬೆರಳುಗಳೇ ಮುಳ್ಳು ಬಿಡಿಸಿ ಪುಟ್ಟ ಪಾಂಡುವಿನ ಬಾಯಿಗೆ ತುತ್ತು ಇಟ್ಟಿದ್ದವು. ಕಾಯಿಲೆಯ ಹೆಸರಿನಲ್ಲಿ ಆ ಕಾಲವೇ ತಿರುಗಿ ಬಂದ ಹಾಗಾಗಿತ್ತು. ಎಷ್ಟು ಖುಷಿಯಲ್ಲಿದ್ದಳು! ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸುಮ್ಮನೆ ಹರಿಣಾಕ್ಷಿಯ ಕಣ್ಣಲ್ಲಿ ನೀರು ಹಾಕಿಸಿದ್ದಳು. ಅವಳ ಕೈ ಹಿಡಿದುಕೊಂಡು ಅತ್ತೇಬಿಟ್ಟಳು.

ಆಗ ಪಾಂಡು ಬಾಯಿ ಬಿಟ್ಟ. "ಮುಳ್ಳ್ ಚುಚ್ಚಿದ್ದ್ ನಂಗೆ ಗೊತ್ತಾಯ್ತ್, ಅಕ್ಕ. ಹೇಳ್ರೆ ನೀ ಮತ್ತ್ ಬಾಯಿಗ್ ತುತ್ತ್ ಕೊಡುದಿಲ್ಲೆ ಅಂದೇಳಿ ಸುಮ್ನಿದ್ದೆ."

ಅಪರಾಧಿಗಳು ಇಬ್ಬರು ಎಂದು ಪತ್ತೇದಾರರು ಬೈದೇಬಿಟ್ಟರು. ಕಿಡ್ನಿ ಡಾಕ್ಟರ ಜೊತೆ ಮಾತಾಡಿ, ಮೊದಲು ಔಷಧಿ ಕೊಡಿಸಿ, ಆಮೇಲೆ ಮುಳ್ಳು ತೆಗೆದರು. ಜ್ವರ ಹೋಯಿತು. ಕಿಡ್ನಿ ಉಳಿಯಿತು. ಮಾತ್ರೆ ಬದಲಾಗಿ ವಸಡೂ ನಿಧಾನಕ್ಕೆ ಇಳಿಯಿತು. ಸುಗುಣಳಿಗೆ ಕನ್ನಡಕ ಬರುವವರೆಗೆ ತುತ್ತು ಬಂದ್.

ಕನ್ನಡಕ ಬಂದ ದಿನ ಸುಗುಣ ಮುಳ್ಳು ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ತುತ್ತು ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಇಷ್ಟು ದಿನ ಅವಳು ಕಂಡಿದ್ದು ಆ ಪುಟ್ಟ ಪಾಂಡುವನ್ನೇ. ಎದುರಿಗೆ ಕೂತವನ ತಲೆಯೆಲ್ಲ ನರೆತಿತ್ತು.

"ನೀ ಯಾವಾಗ ಮುದ್ಕ ಆದೆ, ಮರಾಯ?"

ಪಾಂಡು ನಕ್ಕ. ಬೈರಾಸ ಹೆಗಲ ಮೇಲೆಯೇ ಇತ್ತು. ಬಾಯಿ ಅಷ್ಟಗಲ ತೆರೆದದ್ದೇ ಸಾಕೆಂದು ಸುಗುಣ ತುತ್ತು ಇಟ್ಟುಬಿಟ್ಟಳು.