ಅಫೆ ಎಂದರೆ ಮನೆ

"ಅಪ್ಪ ಎವೆ ಜನಾಂಗದವರು ಅಂತೀರಿ. ಮತ್ತೆ ನಾಲಿಗೆ ಮಾತ್ರ ಲಂಡನ್ನಿನಿಂದ ಬಾಡಿಗೆಗೆ ತಂದಿದ್ದೀರಾ, ಯೆವು?"

ಯಾಯ್ರಾಳ ತಪ್ಪುತಪ್ಪು ಎವೆ ಮಾತಿಗೆ ಚಪ್ಪರದಡಿ ಮಗ್ಗದ ಮುಂದೆ ಕೂತಿದ್ದ ನೇಕಾರರೆಲ್ಲ ಗೊಳ್ಳೆಂದು ನಕ್ಕರು. ಅವಳ ಕಣ್ಣು ತುಂಬಿಬಂತು.

ಯೆವು... ಬಿಳಿಯರವಳು! ಹುಟ್ಟಿ ಬೆಳೆದ ಲಂಡನ್ನಿನಲ್ಲಿ ‘ನಿನ್ನ ನಿಜವಾದ ಊರು ಯಾವುದು?’ ಎನ್ನುತ್ತಾರೆ. ಘಾನಾದ ಈ ಆಗ್ಬೊಜುಮೆಗೆ, ಅಪ್ಪನ ಊರಿಗೆ ಬಂದರೆ ಹೀಗೆ. ಹಾಗಾದರೆ ನಾನು ಯಾರವಳು?

"ನಗಿ! ಇಂಗ್ಲಿಷ್ ತಪ್ಪಾಡಿದ್ರೆ ಅಲ್ಲಿ ನಮ್ಮಪ್ಪನ್ನ ನೋಡಿ ಹೀಗೇ ನಗ್ತಿದ್ರು."

ನಗು ನಿಂತಿತು. ಹಂಗಿಸಿದ್ದ ಎಡೆಮ್ ಮಗ್ಗ ಬಿಟ್ಟು ಎದ್ದು ಬಂದ.

"ತಪ್ಪಾಯ್ತು. ನಮ್ಮ ಚಿಕ್ಕಮ್ಮ ಅಕ್ಪ್ಲೆ ಮುದ್ದೆ, ಬೆಂಡೆಕಾಯಿ ಸಾರು ಮಾಡಿದ್ದಾರೆ. ತಿಂತಾ ತಿಂತಾ ಬೈಯಿರಿ."

ಅವಳು ಅಳುತ್ತಲೇ ನಕ್ಕುಬಿಟ್ಟಳು!

ಯಾಯ್ರಾ ತಾನು ವಿನ್ಯಾಸ ಮಾಡುವ ಉಡುಪುಗಳಿಗೆ ‘ಅಫೆ’ ಎಂದು ಹೆಸರಿಟ್ಟಿದ್ದಳು. ಎವೆ ಮಾತಿನಲ್ಲಿ ಮನೆ. ಲಂಡನ್ನಿನ ಚಳಿಗೆಂದು ಅವಳು ಹೊಲಿಯುವ ಕೋಟುಗಳಿಗೆ ಎಡೆಮ್ ಕೆಂಟೆ ಎಂಬ ಬಣ್ಣಬಣ್ಣದ ಬಟ್ಟೆಯ ಪಟ್ಟಿಗಳನ್ನು ನೇಯತೊಡಗಿದ. ಸಂಜೆ ಹಿನ್ನೀರಿನ ದಡದಲ್ಲಿ ಮಾತು ಕಲಿಸಿದ. ‘ನೀವು’ ಹೋಗಿ ‘ನೀನು’ ಬಂದದ್ದು ಇಬ್ಬರಿಗೂ ತಿಳಿಯಲೇ ಇಲ್ಲ.

ಹೊರಡುವ ಹಿಂದಿನ ದಿನ ಅವಳು ಧೈರ್ಯ ಮಾಡಿದಳು.

"ನನ್ ಜೊತೆ ಬಾ ಎಡೆಮ್. ನಿನ್ನಂಥ ನೇಕಾರ ಅಲ್ಲಿ ಸಿಗಲ್ಲ."

ಮನಸ್ಸಿನಲ್ಲಿದ್ದದ್ದು ಎಷ್ಟೋ... ಬಾಯಿಗೆ ಬಂದದ್ದು ಇಷ್ಟೇ!

ಅವನ ಮುಖ ಬಾಡಿತು. "ಬಟ್ಟೆ ತಾನೇ? ಇಲ್ಲಿಂದಲೇ ಕಳಿಸ್ತೀನಿ ಬಿಡಿ."

ಬಿಡಿ... ಮತ್ತೆ ‘ನೀವು’. ಅವನಿಗೆ ನಾನು ಬೇಡವಾದೆ, ಎಂದುಕೊಂಡಳು.

ಲಂಡನ್ನಿಗೆ ಬಟ್ಟೆಯ ಗಂಟುಗಳು ಬಂದವು. ಜೊತೆಗೊಂದು ಮಾತೂ ಬರಲಿಲ್ಲ. ಪ್ರತಿ ಗಂಟು ಬಿಚ್ಚಿದಾಗಲೂ ಯಾಯ್ರಾ ಅದರಲ್ಲಿ ಮುಖ ಹುದುಗಿಸುತ್ತಿದ್ದಳು. ಸೌದೆ ಒಲೆಯ ಹೊಗೆ, ಉಪ್ಪುಗಾಳಿ... ಅವನು ಇಲ್ಲೇ ಎಲ್ಲೋ ಇದ್ದಾನೆ ಅನಿಸುತ್ತಿತ್ತು. ತಲೆಯೆತ್ತಿದರೆ ಖಾಲಿ ಕೋಣೆ.

ಅವಳ ಉಡುಪುಗಳ ಪ್ರದರ್ಶನದ ದಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪತ್ರಕರ್ತೆಯೊಬ್ಬಳು ಕೇಳಿದಳು, "ಅಫೆ ಅಂದ್ರೆ ಮನೆ ಅಂದ್ರಿ. ನಿಮ್ಮ ಮನೆ ಯಾವುದು?"

ಬಾಯಿ ತೆರೆದಳು. ಕಂಡದ್ದು ಊರಲ್ಲ, ಒಂದು ಮುಖ! ಎಲ್ಲರೆದುರು ಅತ್ತುಬಿಟ್ಟಳು.

ಮರುವಾರವೇ ಆಗ್ಬೊಜುಮೆಗೆ ಬಂದಿಳಿದಳು.

ಎಡೆಮ್ ಲಾಳಿ ನಿಲ್ಲಿಸಲಿಲ್ಲ. "ಯಾವ ಬಣ್ಣ ಬೇಕಿತ್ತು, ಮೇಡಂ?"

"ನಾನು ಬಟ್ಟೆಗೆ ಬಂದಿಲ್ಲ."

ಅಂಗಳದಿಂದ ಚಿಕ್ಕಮ್ಮ ಕೂಗಿದರು, "ಲೋ, ಅವಳು ಹೋದಾಗಿಂದ ನೆಟ್ಟಗೆ ಊಟ ಮಾಡಿಲ್ಲ ಅಂತ ಹೇಳೋ!"

"ಚಿಕ್ಕಮ್ಮಾ!"

"ಎಡೆಮ್... ಹಾಗಾದ್ರೆ ಅವತ್ತು ಯಾಕೆ ಬರಲ್ಲ ಅಂದೆ?"

ಲಾಳಿ ನಿಂತಿತು. "ನೀನು ಕರೆದಿದ್ದು ನೇಕಾರನ್ನ. ನನ್ನನ್ನಲ್ಲ."

ಅಯ್ಯೋ... ಇಷ್ಟೇನಾ? ಇಷ್ಟಕ್ಕೇನಾ ಇಷ್ಟು ದಿನ ಇಬ್ಬರೂ ಬೆಂದದ್ದು!

ಅವಳು ನೂಲಿನ ಪಕ್ಕ ನೆಲದಲ್ಲೇ ಕುಸಿದು ಕೂತಳು. "ನಾನು ಕರೆದಿದ್ದು ನಿನ್ನನ್ನೇ ಕಣೋ. ಹೇಳೋಕೆ ಬರಲಿಲ್ಲ ಅಷ್ಟೇ. ನಿನ್ನ ಬಿಟ್ಟು ನನಗೆ ಯಾವ ಊರೂ ಊರಲ್ಲ."

ಎಡೆಮ್ ಮಗ್ಗದಿಂದಿಳಿದು ಅವಳ ಕೈ ಹಿಡಿದ.

"ಮತ್ತೆ ಹೋಗ್ತೀಯಾ?"

"ಪ್ರದರ್ಶನ ಇದ್ದಾಗ ಹೋಗ್ಲೇಬೇಕು. ಹೊಲಿಗೆ ಕೆಲಸವೆಲ್ಲ ಇಲ್ಲಿಗೇ ತರ್ತೀನಿ."

"ನಿನ್ನ ಕಾಯ್ತಾ ಕೂರೋದು ಇನ್ನು ನನ್ನ ಕೈಲಾಗಲ್ಲ, ಯಾಯ್ರಾ."

"ಕಾಯ್ಬೇಡ. ಜೊತೆಗೆ ಬಾ."

"ಏನಾಗಿ ಬರಲಿ?"

ಈ ಸಲ ಅವಳ ನಾಲಿಗೆ ತಡವರಿಸಲಿಲ್ಲ.

"ನನ್ನ ಗಂಡನಾಗಿ."